ತಂಗಿಯ ಹುಬ್ಬಿಗೆ ನಾನು ಮಾಡಿದ ಚೌಕಾಸಿ

ಹುಬ್ಬಿಗೆ ಬಣ್ಣ ಚುಚ್ಚಿಸಿಕೊಳ್ಳಲೇ ಬೇಡವೇ ಎಂದು ನೀವು ಯೋಚಿಸುತ್ತಿದ್ದರೆ ಹತ್ತು ನಿಮಿಷ ನನ್ನ ಹತ್ತಿರ ಕೂತು ಹೋಗಿ. ಕೇಳದವರಿಗೂ ಸಲಹೆ ಕೊಡುವುದು ನನ್ನ ಹುಟ್ಟುಗುಣ. ಶೇರ್ ರಿಕ್ಷಾದಲ್ಲಿ ಪಕ್ಕದವರ ಚೀಲದಿಂದ ಹೂಕೋಸು ಇಣುಕಿದರೆ ಸಾಕು, ಯಾವ ಸಂತೆಯಲ್ಲಿ ಕೊಂಡರೆ ಹುಳ ಇರುವುದಿಲ್ಲ ಎಂದು ಹೇಳದೆ ನಾನು ಇಳಿದವಳಲ್ಲ. ಅವರು ಥ್ಯಾಂಕ್ಸ್ ಹೇಳುವುದಿಲ್ಲ, ನಾನೂ ಕಾಯುವುದಿಲ್ಲ. ಹೀಗೆ ಎಷ್ಟು ಜನರಿಗೆ ಬಾಡಿಗೆ ಮನೆ, ಮಂಡಿನೋವಿನ ಎಣ್ಣೆ, ಮಗಳಿಗೆ ವರ ಹುಡುಕಿಕೊಟ್ಟಿದ್ದೇನೋ! ಆದರೆ ಹುಬ್ಬಿನ ವಿಷಯದಲ್ಲಿ ನನ್ನ ಸಲಹೆಯನ್ನು ಚಾಚೂ ತಪ್ಪದೆ ಪಾಲಿಸಿದವಳು ಒಬ್ಬಳೇ, ನನ್ನ ತಂಗಿ ಕಸ್ತೂರಿ. ಅವಳೀಗ ನಾನು ನಾಲ್ಕು ಸಲ ಫೋನ್ ಮಾಡಿದರೆ ಒಂದು ಸಲ ಎತ್ತುತ್ತಾಳೆ.

ಪುಣೆಯ ಹಡಪಸರದಲ್ಲಿ ನನ್ನದೊಂದು ಸೀರೆಯಂಗಡಿ ಇದೆ. ಇಳಕಲ್ಲು, ಖಣ, ಫಾಲು, ಲೈನಿಂಗು, ಎಲ್ಲ ಸಿಗುತ್ತದೆ. ಮದುವೆಯಾಗಿ ವಿಜಯಪುರದ ಕಡೆಯಿಂದ ಪುಣೆಗೆ ಬಂದಾಗ ಸೀರೆಯ ಗಂಟು ಹೊತ್ತು ಹೌಸಿಂಗ್ ಸೊಸೈಟಿ ಸೊಸೈಟಿ ತಿರುಗಿದವಳು ನಾನು. ವಾಚ್‌ಮನ್ನರಿಂದ ಬೈಸಿಕೊಂಡು ಬೈಸಿಕೊಂಡೇ ಮರಾಠಿ ಕಲಿತೆ. ಆ ತಿರುಗಾಟದಲ್ಲಿ ಕಲಿತ ಇನ್ನೊಂದು ವಿದ್ಯೆ ಎಂದರೆ, ಎದುರಿಗಿರುವವರಿಗೆ ನಿಜ ಹೇಳಬಾರದು. ಸೀರೆ ಮನಸ್ಸಿಗೆ ಬಂದಿದೆ ಎಂದು ಒಪ್ಪಿಕೊಂಡ ಗಿರಾಕಿಯ ಕಥೆ ಅಲ್ಲಿಗೆ ಮುಗಿಯಿತು. ಬೇಕಾದದ್ದನ್ನು ಪಕ್ಕಕ್ಕೆ ತಳ್ಳಬೇಕು, ಬೇಡವಾದದ್ದನ್ನು ಬೆಳಕಿಗೆ ಹಿಡಿದು ನೋಡಬೇಕು, 'ನಮ್ಮ ಯಜಮಾನರು ಒಪ್ಪೋದಿಲ್ಲ' ಎಂದು ಎದ್ದು ನಿಲ್ಲಬೇಕು. ನನ್ನ ಯಜಮಾನರು ಇವತ್ತಿನವರೆಗೆ ಒಂದು ಕರ್ಚೀಫನ್ನೂ ಒಪ್ಪಿದ್ದಿಲ್ಲ, ಒಪ್ಪದಿದ್ದದ್ದೂ ಇಲ್ಲ. ಅವರನ್ನು ಯಾರೂ ಕೇಳಿದ್ದೇ ಇಲ್ಲ.

ಇಂಥ ವ್ಯಾಪಾರದಲ್ಲಿ ಹುಬ್ಬು ದೊಡ್ಡ ಬಂಡವಾಳ. ಬಾಯಿ ಸುಳ್ಳು ಹೇಳುವಾಗ ಸಾಕ್ಷಿಗೆ ನಿಲ್ಲುವುದು ಅದೇ. ದರ ಕೇಳಿ ಎಡಹುಬ್ಬನ್ನು ಒಂದು ಎಳೆ ಮೇಲೆತ್ತಿದರೆ ಸಾಕು, ಸಗಟು ವ್ಯಾಪಾರಿ ತಾನೇ ಕ್ಯಾಲ್ಕುಲೇಟರು ತಿರುಗಿಸಿ ತೋರಿಸುತ್ತಿದ್ದ. ಆದರೆ ಹರೆಯದಲ್ಲಿ ಎಳೆಹುಬ್ಬಿನ ಫ್ಯಾಶನ್ನು ಬಂದು, ದಾರ ಹಾಕಿಸಿ ಹಾಕಿಸಿ ಕಿತ್ತಿದ್ದೇ ಕಿತ್ತಿದ್ದು. ಐವತ್ತು ದಾಟಿದ ಮೇಲೆ, ಬೇಡವೆಂದು ಓಡಿಸಿದ ಕೂದಲು ಕರೆದರೂ ಬರಲಿಲ್ಲ. ಹಣೆ ಮತ್ತು ಕಣ್ಣಿನ ನಡುವೆ ಗಡಿಯೇ ಇಲ್ಲದ ಹಾಗಾಯಿತು. ದರ ಕೇಳಿ ನಾನು ಎಷ್ಟು ಸಿಟ್ಟು ಮಾಡಿದರೂ ವ್ಯಾಪಾರಿಗಳು "ತಬ್ಯೇತ ಬರಿ ಇಲ್ಲೇನ್ರಿ ಅಕ್ಕಾರ? ಚಾ ತರಸ್ಲಿ?" ಎಂದು ನನ್ನ ಆರೋಗ್ಯ ವಿಚಾರಿಸತೊಡಗಿದರು. ಚಹಾ ಬಂತು, ದರ ಮಾತ್ರ ಇಳಿಯಲಿಲ್ಲ.

ಆಗಲೇ ನಮ್ಮ ಅಂಗಡಿಯ ಸಾಲಿನಲ್ಲಿ ಮಹಡಿಯ ಮೇಲೆ ಒಂದು ಪಾರ್ಲರು ತೆರೆಯಿತು. ಅರೆಶಾಶ್ವತ ಹುಬ್ಬು ಅಲ್ಲಿನ ವಿಶೇಷ. ಸಣ್ಣ ಸೂಜಿಯಿಂದ ಚರ್ಮದ ಮೇಲುಪದರಕ್ಕೆ ಬಣ್ಣ ಇಳಿಸಿ ಕೂದಲಿನಂಥ ಗೆರೆ ಎಳೆಯುತ್ತಾರೆ. ಒಂದೆರಡು ವರ್ಷಕ್ಕೆ ಮಾಸುತ್ತದೆ, ಆಮೇಲೆ ಮತ್ತೆ ಹೋಗಬೇಕು. ನಮ್ಮ ಅಜ್ಜಿಯ ಕೈಮೇಲಿನ ಹಚ್ಚೆ ಅವಳ ಚಿತೆಯವರೆಗೂ ಜೊತೆಗೆ ಹೋಯಿತು. ಈಗಿನ ಬಣ್ಣಕ್ಕೆ ಅಷ್ಟು ನಿಯತ್ತಿಲ್ಲ. ನನ್ನ ಗಂಡನಿಗೆ ಹೇಳಿದೆ. ಅವರು ಪೇಪರಿನಿಂದ ತಲೆ ಎತ್ತದೆ, "ಹುಬ್ಬಿಲ್ಲದ ಮಾರಿನ ಇಷ್ಟ ಅಂಜಸ್ತದ. ಇನ್ನ ಹುಬ್ಬ ಬ್ಯಾರೆ ಬಂದ್ರ ನಾ ದೇಹೂ ರೋಡಿಗಿ ಅಣ್ಣನ ಮನಿಗಿ ಹೋಗ್ತೀನಿ ನೋಡು" ಎಂದರು. ಒಪ್ಪಿಗೆ ಸಿಕ್ಕಿತು ಎಂದುಕೊಂಡೆ.

ಪಾರ್ಲರಿನ ಗಾಜಿನ ಮೇಲೆ, ಇಬ್ಬರು ಒಟ್ಟಿಗೆ ಬಂದರೆ ದರದಲ್ಲಿ ಭಾರಿ ಕಡಿತ ಎಂದು ಬರೆದಿತ್ತು. ಒಂದರ ದರಕ್ಕೆ ಒಂದನ್ನು ಕೊಳ್ಳುವುದು ನನ್ನ ಜಾತಕದಲ್ಲೇ ಇಲ್ಲ. ಇನ್ನೊಂದು ಮುಖ ಬೇಕಾಯಿತು. ಕಸ್ತೂರಿಯ ನೆನಪಾಯಿತು.

ಕಸ್ತೂರಿ ಪುಣೆಯಲ್ಲೇ, ಯೆರವಡಾದಲ್ಲಿದ್ದಾಳೆ. ಗಂಡ ಕಟ್ಟಡದ ಸೆಂಟ್ರಿಂಗ್ ಕೆಲಸದವನು. ಊರಿನಿಂದ ಬಂದು ಮೂರು ವರ್ಷವಾಗಿದೆ. ಇವಳು ಹತ್ತಿರದ ಖಾನಾವಳಿಯಲ್ಲಿ ಜೋಳದ ರೊಟ್ಟಿ ಬಡಿಯುತ್ತಾಳೆ. ಒಂದು ಜ್ವರ ಬಂದು ಹೋದ ಮೇಲೆ ಅವಳ ಹುಬ್ಬು ತೇಪೆ ತೇಪೆಯಾಗಿ ಉದುರಿತ್ತು. ಬೆಳಿಗ್ಗೆ ಪೆನ್ಸಿಲಿನಿಂದ ಬರೆದುಕೊಂಡು ಹೋದರೆ ಮಧ್ಯಾಹ್ನದ ಹೊತ್ತಿಗೆ ಹಂಚಿನ ಕಾವಿಗೆ ಕರಗಿ ಕೆನ್ನೆಗೆ ಇಳಿಯುತ್ತಿತ್ತು. ಖಾನಾವಳಿಯ ಯಜಮಾನಿ ಅವಳನ್ನು ಒಲೆಯಿಂದ ಎಬ್ಬಿಸಿ ಪಾರ್ಸೆಲ್ ಕಿಟಕಿಗೆ ಕೂರಿಸುವ ಮಾತಾಡಿದ್ದಳು. ಬೆಂಕಿಯಿಲ್ಲ, ಹೊಗೆಯಿಲ್ಲ, ಮೇಲೆ ಫ್ಯಾನು. "ಖರೆ ಮಾರಿ ಒಂದೀಟ ನೆಟ್ಟಗಿರಬೇಕ್ ನೋಡವಾ, ಮಂದಿ ಊಟಕ್ಕ ಬರ್ತಾರ" ಎಂದು ಒಂದು ಷರತ್ತು ಮಾತ್ರ ಹಾಕಿದ್ದಳು. ಆ ಕಿಟಕಿಯ ಮಾತು ಬಂದರೆ ಕಸ್ತೂರಿಯ ಕಣ್ಣು ಹೊಳೆಯುತ್ತಿದ್ದವು. ಬೇಸಿಗೆಯಲ್ಲಿ ಮೂರು ಒಲೆಯ ನಡುವೆ ಕೂತವರಿಗಷ್ಟೇ ಅದರ ಬೆಲೆ ಗೊತ್ತು. ಆ ಕಿಟಕಿಯನ್ನೇ ನೆನಪಿಸಿ, ಇಬ್ಬರೂ ಪಾರ್ಲರಿಗೆ ಹೋಗೋಣ ಬಾ ಎಂದು ಕರೆದೆ.

"ಅಕ್ಕಾ, ನನಗ ಸಕ್ಕರಿ ರೋಗ ಅದ. ಕಾಲಿಗಿ ಮುಳ್ಳ ಚುಚ್ಚಿದ್ರ ತಿಂಗಳಾನಗಟ್ಟಲೆ ಒಣಗಂಗಿಲ್ಲ. ಸೂಜಿ ಅಂದ್ರ ಅಂಜಿಕಿ ಬರ್ತದ" ಎಂದಳು.

"ಹುಬ್ಬೇನ್ ಕಾಲಾಗ ಇರ್ತದೇನ?" ಎಂದೆ ನಾನು.

ಇಂಥ ಮಾತಿಗೆ ಉತ್ತರ ಇರುವುದಿಲ್ಲ. ಅದಕ್ಕೇ ಅದನ್ನು ಗೆದ್ದ ಹಾಗೆ ಎಣಿಸುತ್ತೇವೆ.

ಪಾರ್ಲರಿನಲ್ಲಿ ಮುಖಗವಸು ಹಾಕಿದ್ದ ಮರಾಠಿ ಹುಡುಗಿ ನಮ್ಮಿಬ್ಬರನ್ನೂ ಕೂರಿಸಿ ಕೈಗೊಂದು ಕಾಗದ ಕೊಟ್ಟಳು. ತುಂಬ ಪ್ರಶ್ನೆಗಳು. ಸಕ್ಕರೆ ಕಾಯಿಲೆ ಇದೆಯೇ, ರಕ್ತ ತೆಳುವಾಗುವ ಮಾತ್ರೆ ನುಂಗುತ್ತೀರಾ, ಗಾಯವಾದರೆ ಕಲೆ ಗಂಟುಕಟ್ಟಿ ಉಬ್ಬುತ್ತದೆಯೇ, ಚರ್ಮ ಜಿಡ್ಡೋ ಒಣಕಲೋ, ಬಿಸಿಲು ಬೆಂಕಿ ಬೆವರಿನ ಕೆಲಸವೇ. ನಾನು ಒಳಗೊಳಗೇ ನಕ್ಕೆ. ಇದು ನನಗೆ ಹೊಸದೇ? ಕೊಡುವವನು ಮೊದಲು ಕೊಳ್ಳುವವನ ಕೊರತೆ ಹುಡುಕುತ್ತಾನೆ, ಆಮೇಲೆ ಒಂದೊಂದು ಕೊರತೆಗೂ ಒಂದೊಂದು ದರ ಏರಿಸುತ್ತಾನೆ. 'ನಿಮ್ಮ ಬಣ್ಣಕ್ಕೆ ಈ ಸೀರೆ ಸ್ವಲ್ಪ ಕಷ್ಟ' ಎಂದು ನಾನೇ ಎಷ್ಟು ಜನರಿಗೆ ತುಟ್ಟಿ ಸೀರೆ ಉಡಿಸಿಲ್ಲ! ನನ್ನ ಕಾಗದದಲ್ಲಿ ಎಲ್ಲದಕ್ಕೂ 'ಇಲ್ಲ' ಎಂದು ಗೀಟು ಹಾಕಿದೆ. ನನ್ನ ಮಟ್ಟಿಗೆ ಅದು ನಿಜವೂ ಆಗಿತ್ತು.

ಕಸ್ತೂರಿಗೆ ಮರಾಠಿ ಅರ್ಧಂಬರ್ಧ, ಓದುವುದಂತೂ ದೂರ. ಹುಡುಗಿ ಬಾಯಿಯಲ್ಲೇ ಕೇಳಿದಳು. "ಶುಗರ್ ಆಹೇ ಕಾ?"

"ಹೇಳ ಅಕ್ಕಾ, ಅದ ಅಂತ ಹೇಳ. ಮುಂಜಾನಿ ಒಂದ ಸಂಜಿಗಿ ಒಂದ ಗುಳಗಿ ತೊಗೋತೀನಿ ಅಂತ ಹೇಳ" ಎಂದಳು ಕಸ್ತೂರಿ.

ನಾನು ಹುಡುಗಿಗೆ "ಕಾಹೀ ನಾಹೀ" ಎಂದೆ. ಏನೂ ಇಲ್ಲ.

"ಅಷ್ಟು ಉದ್ದ ಮಾತಾಡಿದರಲ್ಲ?" ಎಂದು ಹುಡುಗಿ ಮರಾಠಿಯಲ್ಲಿ ಕೇಳಿದಳು.

"ನಮ್ಮ ಭಾಷೆಯೇ ಹಾಗೆ, ಸ್ವಲ್ಪ ಉದ್ದ" ಎಂದು ನಾನೂ ಮರಾಠಿಯಲ್ಲೇ ಹೇಳಿದೆ.

ಒಲೆಯ ಕೆಲಸವೇ ಎಂದಳು ಹುಡುಗಿ. ಮನೆಯಲ್ಲೇ ಇರುತ್ತಾಳೆ ಎಂದೆ. ಮೊದಲು ಕಿವಿಯ ಹಿಂದೆ ಒಂದು ಚುಕ್ಕೆ ಬಣ್ಣ ಹಚ್ಚಿ ನೋಡೋಣ, ಎರಡು ದಿನ ಬಿಟ್ಟು ಬನ್ನಿ ಎಂದಳು. ಎರಡು ದಿನ ಬಿಟ್ಟು ಬಂದರೆ ಗಾಜಿನ ಮೇಲಿನ ಬರಹ ಅಳಿಸಿರುತ್ತದೆ ಎಂದು ನನಗೆ ತಿಳಿಯದೇ? ಆಗುವುದಾದರೆ ಇವತ್ತೇ ಎಂದು ಚೀಲ ಹೆಗಲಿಗೇರಿಸಿ ಎದ್ದು ನಿಂತೆ. ಆ ಹುಡುಗಿ ಒಳ್ಳೆಯವಳು. ಮುಖಗವಸು ಕೆಳಗಿಳಿಸಿ ಕಸ್ತೂರಿಯನ್ನೇ ನೋಡುತ್ತ, ಖಂಡಿತ ಏನೂ ಇಲ್ಲವೇ ಎಂದು ಇನ್ನೊಮ್ಮೆ ಕೇಳಿದಳು. ಕಸ್ತೂರಿ ನನ್ನ ಮುಖ ನೋಡಿದಳು. ನಾನು ಅವಳಿಗೆ ಕಣ್ಣುಬಿಟ್ಟೆ. ಅವಳು ಇಲ್ಲವೆಂದು ತಲೆಯಾಡಿಸಿದಳು. ಅವಳ ಕಾಗದದಲ್ಲೂ ನಾನೇ 'ಇಲ್ಲ' ಎಂದು ಗೀಟು ಹಾಕಿ, ಕೆಳಗೆ ಅವಳಿಂದ ಸಹಿ ಮಾಡಿಸಿದೆ.

ಇಷ್ಟಕ್ಕೇ ಸುಮ್ಮನಿರುವ ಹೆಂಗಸು ನಾನಲ್ಲ. ಸಂತೆಯಲ್ಲಿ ಸೊಪ್ಪು ಕೊಂಡ ಮೇಲೆ ಕೊಸರು ಕೇಳದೆ ಬಂದರೆ ನನಗೆ ಊಟ ಸೇರುವುದಿಲ್ಲ. ಗೆರೆ ಗುರುತು ಮಾಡುವಾಗ, ಇಬ್ಬರಿಗೂ ಬಾಲದ ಕಡೆ ಸ್ವಲ್ಪ ಕೊಸರು ಎಳೆದು ಬಿಡು ಎಂದೆ. "ಮಾವಶೀ, ಹೀ ಕೋಥಿಂಬೀರ ನಾಹೀ" ಎಂದಳು. ಇದು ಕೊತ್ತಂಬರಿ ಅಲ್ಲವಂತೆ. ಆದರೂ ನನ್ನ ಬಲವಂತಕ್ಕೆ ಕಸ್ತೂರಿಯ ಎಡಹುಬ್ಬನ್ನು ಜೋಳದ ಕಾಳಿನಷ್ಟು ಉದ್ದ ಮಾಡಿಕೊಟ್ಟಳು. ಹತ್ತು ದಿನ ನೀರು, ಬೆವರು, ಹಬೆ ತಾಗಿಸಬೇಡಿ ಎಂದು ಮೂರು ಸಲ ಹೇಳಿದಳು. ಅದನ್ನು ನಾನು ತಂಗಿಗೆ "ಸ್ವಲ್ಪ ಜ್ವಾಕಿ ಅಂತ" ಎಂದು ಅನುವಾದಿಸಿದೆ.

ಈಗ ಬನ್ನಿ, ನನ್ನ ಸಲಹೆಗೆ. ನನ್ನ ಹುಬ್ಬು ಬಹಳ ಚೆನ್ನಾಗಿ ಬಂತು. ಸಿಪ್ಪೆ ಎದ್ದಿತು, ಉದುರಿತು, ಕೆಳಗಿನಿಂದ ಹದವಾದ ಕಂದುಗಪ್ಪು ಗೆರೆಗಳು ಮೂಡಿದವು. ಗಿರಾಕಿಗಳು ಸೀರೆ ಬಿಟ್ಟು ನನ್ನ ಮುಖ ನೋಡುತ್ತಾರೆ. ಗಾಯ ಬೇಗ ಮಾಯುವ, ನೆರಳಿನಲ್ಲಿ ಕೂತು ಕೆಲಸ ಮಾಡುವ ನನ್ನಂಥವರಿಗೆ ಇದು ಹೇಳಿ ಮಾಡಿಸಿದ್ದು, ಧಾರಾಳವಾಗಿ ಮಾಡಿಸಿಕೊಳ್ಳಿ. ಸಕ್ಕರೆ ಹತೋಟಿಯಲ್ಲಿಲ್ಲದಿದ್ದರೆ, ಕಲೆ ಉಬ್ಬುವ ಚರ್ಮವಾದರೆ, ಒಲೆಯ ಮುಂದೆ ದುಡಿಯುವವರಾದರೆ ಮೊದಲು ಡಾಕ್ಟರನ್ನು ಕೇಳಿ. ಆ ಹುಡುಗಿಯ ಕಾಗದದಲ್ಲಿ ಇದ್ದದ್ದೂ ಇಷ್ಟೇ. ನಾನು ಹೊಸದಾಗಿ ಏನೂ ಹೇಳುತ್ತಿಲ್ಲ.

ಕಸ್ತೂರಿ ಮೂರನೆಯ ದಿನ ಒಲೆಯ ಮುಂದೆ ಕೂತಳು. ಕಿಟಕಿ ಸಿಗುವವರೆಗೆ ರೊಟ್ಟಿ ಬಡಿಯುವವರು ಯಾರು? ಬೆವರಿಗೆ ಗೆರೆಗಳು ಒದ್ದೆಯಾದವು, ಹಿಟ್ಟಿನ ಕೈಯಿಂದ ಒರೆಸಿಕೊಂಡಳು. ವಾರದೊಳಗೆ ಎಡಹುಬ್ಬು ಕೀವುಗಟ್ಟಿ ರೆಪ್ಪೆ ಮುಚ್ಚಿತು. ಅರಿಸಿನ ಹಚ್ಚು ಎಂದು ನಾನು ಫೋನಿನಲ್ಲಿ ಹೇಳಿದೆ. ಹಚ್ಚಿದಳು, ಇನ್ನಷ್ಟು ಊದಿತು. ಮಾಯುವಷ್ಟರಲ್ಲಿ ಎರಡು ತಿಂಗಳು ಕಳೆದಿದ್ದವು. ಹುಬ್ಬಿನ ಜಾಗದಲ್ಲಿ ಗುಲಾಬಿ ಬಣ್ಣದ ಗಂಟುಗೆರೆ ಕೂತಿತ್ತು. ನಾನು ಕೊಸರು ಹಾಕಿಸಿದ ಕಡೆ ಅದು ಇನ್ನೂ ದಪ್ಪ. ಪೆನ್ಸಿಲೂ ಅದರ ಮೇಲೆ ನಿಲ್ಲುವುದಿಲ್ಲ. ಪಾರ್ಸೆಲ್ ಕಿಟಕಿಗೆ ಲಾತೂರಿನಿಂದ ಬಂದ ಒಬ್ಬಳನ್ನು ಕೂರಿಸಿದರು. ಯಜಮಾನಿ ಕೆಟ್ಟವಳಲ್ಲ, "ನಿನ್ನ ರೊಟ್ಟಿ ಯಾರಿಗೂ ಬರಂಗಿಲ್ಲ ಬಿಡು ಕಸ್ತೂರಿ" ಎಂದಳಂತೆ.

ನಾನು ಪಾರ್ಲರಿಗೆ ಜಗಳಕ್ಕೆ ಹೋದೆ. ನನ್ನ ಹೊಸ ಹುಬ್ಬನ್ನು ಎತ್ತಬಹುದಾದಷ್ಟು ಎತ್ತಿ ನಿಂತೆ. ಹುಡುಗಿ ಕಪಾಟಿನಿಂದ ಕಸ್ತೂರಿಯ ಕಾಗದ ತೆಗೆದಳು. ಎಲ್ಲ ಗೀಟುಗಳೂ ನನ್ನ ಕೈಯವು; ಕೆಳಗೆ ತಂಗಿಯ ಅಂಕುಡೊಂಕು ಸಹಿ. ಇಷ್ಟು ವರ್ಷದ ವ್ಯಾಪಾರದಲ್ಲಿ ಚೌಕಾಸಿ ಮಾಡದೆ ಮೆಟ್ಟಿಲಿಳಿದದ್ದು ಅದೊಂದೇ ಸಲ.

ಫೋನಿನಲ್ಲಿ ಕಸ್ತೂರಿ ಅಳಲಿಲ್ಲ, ಬೈಯಲಿಲ್ಲ. "ಅಕ್ಕಾ, ಅಕಿ ಕೇಳಿದ್ಲಲ್ಲ, ಎರಡ ಸಲ ಕೇಳಿದ್ಲು. 'ಹಾಂ' ಅನ್ನಾಕ ನಿನಗೇನ್ ಖರ್ಚಿತ್ತು?" ಎಂದಳು. ನಿಜವಾಗಿಯೂ ಏನೂ ಖರ್ಚಿರಲಿಲ್ಲ.

ಕೊನೆಗೆ ಯೆರವಡಾದಲ್ಲೇ ಒಬ್ಬ ಚರ್ಮದ ಡಾಕ್ಟರರ ಬಳಿ ಅವಳೇ ಹೆಸರು ಹಚ್ಚಿಸಿದಳು. ನನ್ನನ್ನು ಕರೆದಿರಲಿಲ್ಲ. ಆದರೂ ಹೋದೆ. ಬೆಂಚಿನ ಮೇಲೆ ನಮ್ಮಿಬ್ಬರ ನಡುವೆ ಅವಳ ಚೀಲ ಕೂತಿತ್ತು. ಒಳಗೆ ಡಾಕ್ಟರು ಗಂಟನ್ನು ಬೆರಳಿನಿಂದ ಒತ್ತಿ ನೋಡಿ, ಇಂಜೆಕ್ಷನ್ ಕೊಟ್ಟು ಸ್ವಲ್ಪ ತಗ್ಗಿಸಬಹುದು, ಪೂರ್ತಿ ಹೋಗುವುದಿಲ್ಲ ಎಂದರು. ಸಕ್ಕರೆ ಇದೆಯೇ ಎಂದು ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಕಸ್ತೂರಿ "ಆಹೇ" ಎಂದಳು. ಇದೆ. ಎಷ್ಟು ವರ್ಷದಿಂದ, ಯಾವ ಗುಳಿಗೆ, ದಿನಕ್ಕೆ ಎಷ್ಟು ಹೊತ್ತು ಒಲೆಯ ಮುಂದೆ, ಎಲ್ಲವನ್ನೂ ತಡವರಿಸುತ್ತ, ಕೈಸನ್ನೆ ಮಾಡುತ್ತ, ತಾನೇ ಹೇಳಿದಳು. ಡಾಕ್ಟರಿಗೆ ಸಿಟ್ಟು ಬಂತು. "ಇಷ್ಟೆಲ್ಲ ಇದ್ದೂ ಸೂಜಿ ಹಾಕಿದರೇ? ಆ ಪಾರ್ಲರಿನವರು ನಿಮ್ಮನ್ನು ಒಂದು ಮಾತೂ ಕೇಳಲಿಲ್ಲವೇ? ಹೆಸರು ಹೇಳಿ, ಅವರ ಮೇಲೆ ದೂರು ಕೊಡೋಣ" ಎಂದು ಪೆನ್ನು ತೆಗೆದರು.

ಕಸ್ತೂರಿ ಮಡಿಲಲ್ಲಿದ್ದ ಕೈಗಳನ್ನು ನೋಡಿಕೊಂಡಳು. ನನ್ನ ಕಡೆ ತಿರುಗಲಿಲ್ಲ. "ವಿಚಾರಲಂ ಹೋತಂ. ಮೀಚ ಸಾಂಗಿತಲಂ ನಾಹೀ" ಎಂದಳು. ಅವರು ಕೇಳಿದ್ದರು, ತಾನೇ ಹೇಳಲಿಲ್ಲವಂತೆ.

ಎದುರಿನವರು ತಾವಾಗಿ ದರ ಇಳಿಸುತ್ತಿರುವಾಗ ನಡುವೆ ಬಾಯಿ ಹಾಕಬಾರದು ಎಂದು ಅಂಗಡಿಗೆ ಕೆಲಸಕ್ಕೆ ಬರುವ ಹೆಂಗಸರಿಗೆಲ್ಲ ನಾನು ಮೊದಲ ದಿನವೇ ಕಲಿಸುತ್ತೇನೆ. ನಾನು ಬಾಯಿ ಹಾಕಲಿಲ್ಲ. ಡಾಕ್ಟರು ಪೆನ್ನು ಮುಚ್ಚಿಟ್ಟು ಕಸ್ತೂರಿಯನ್ನು ಬೈಯತೊಡಗಿದರು: ನಿಮ್ಮಂಥವರು ಚಂದ ಕಾಣುವ ಆಸೆಗೆ ಕಾಯಿಲೆ ಮುಚ್ಚಿಡುತ್ತೀರಿ, ಆಮೇಲೆ ನಮ್ಮ ಹತ್ತಿರ ಓಡಿ ಬರುತ್ತೀರಿ. ಅವಳು ತಲೆ ತಗ್ಗಿಸಿ ಕೇಳಿಸಿಕೊಂಡಳು. ಬೈದು ದಣಿದ ಮೇಲೆ ಡಾಕ್ಟರು ನನ್ನ ಕಡೆ ತಿರುಗಿದರು. ನನ್ನ ಹುಬ್ಬನ್ನು ಒಂದು ಗಳಿಗೆ ನೋಡಿದರು. "ನೀವು ದೊಡ್ಡವರು, ನಾಲ್ಕು ಜನರ ನಡುವೆ ಓಡಾಡುವವರ ಹಾಗೆ ಕಾಣುತ್ತೀರಿ. ಇವರಿಗೆ ಸ್ವಲ್ಪ ಬುದ್ಧಿ ಹೇಳಬಾರದೇ?" ಎಂದರು.

"ಹೇಳ್ತೀನ್ರಿ ಡಾಕ್ಟರ್" ಎಂದೆ.