ಎಡೆಯ ಕೋಣೆಯಿಂದ ಬಂದ ಬೌಲಿಂಗ್ ಬದಲಾವಣೆ

ಎಡೆ ಇಡುವುದರಲ್ಲಿ ನನ್ನನ್ನು ಮೀರಿಸುವವರು ನಮ್ಮ ಹೋಬಳಿಯಲ್ಲೇ ಇಲ್ಲ ಎಂದು ನಾನು ಬಲವಾಗಿ ನಂಬಿದ್ದೆ. ಹೋದ ವರ್ಷದ ಹಿರಿಯರ ಹಬ್ಬದ ಸಂಜೆಯವರೆಗೆ ಆ ನಂಬಿಕೆ ಚೆನ್ನಾಗಿಯೇ ಇತ್ತು.

ಮಕ್ಕಳೇ, ಚಿತ್ರದುರ್ಗದಲ್ಲಿರುವ ನಿಮಗೆ ತಲುಪಿರುವುದು ಅರ್ಧ ಕಥೆ. ‘ತಾತ ಎಡೆಗೆ ಬಂದು ಊರಿನ ಟೀಮನ್ನು ಸೋಲಿಸಿ ಹೋದರಂತೆ’ ಎಂದು ನೀವು ಫೋನಿನಲ್ಲಿ ಕೇಳಿ ನಕ್ಕಿರಿ. ಆ ಸುಳ್ಳು ಅದೇ ದಿನ ಬಸ್ಸು ಹತ್ತಿ ನಿಮ್ಮಲ್ಲಿಗೆ ಬಂದಿದೆ. ನಿಜ ಇನ್ನೂ ಶ್ರೀರಾಂಪುರದ ಬಸ್ ಸ್ಟ್ಯಾಂಡಿನಲ್ಲೇ ನಿಂತಿದೆ. ಬಾಯಿಬಿಟ್ಟು ಹೇಳಲು ನಾಚಿಕೆ. ಅದಕ್ಕೆ ಬರೆಯುತ್ತಿದ್ದೇನೆ.

ನಿಮ್ಮ ತಾತ ನಮ್ಮೂರ ಟೆನಿಸ್ ಬಾಲ್ ಕ್ರಿಕೆಟ್ ಟೀಮಿಗೆ ಮ್ಯಾನೇಜರ್ ಆಗಿದ್ದರು. ತಾವು ಒಂದು ದಿನವೂ ಬ್ಯಾಟು ಹಿಡಿದವರಲ್ಲ. ಆದರೆ ಯಾರು ಯಾವಾಗ ಬೌಲಿಂಗ್ ಮಾಡಬೇಕು ಎಂಬುದು ಅವರದೇ ತೀರ್ಮಾನ. ಕುರಿ ಕಾಯುವ ಮನೆತನದವರಲ್ಲವೇ, ಒಳ್ಳೆಯ ಬೌಲರುಗಳನ್ನೆಲ್ಲ ಮೊದಲೇ ಖರ್ಚು ಮಾಡುತ್ತಿರಲಿಲ್ಲ. ಒಬ್ಬಿಬ್ಬರನ್ನು ಕೊನೆಗೆಂದು ಎತ್ತಿಡುತ್ತಿದ್ದರು. ಅದಕ್ಕೆ ಅವರು ಇಟ್ಟ ಹೆಸರು ‘ರೊಪ್ಪ’. ಕುರಿ ಕೂಡುವ ಬೇಲಿಗೂ ಅದೇ ಹೆಸರು, ಉಳಿಸಿಟ್ಟ ಬೌಲರುಗಳಿಗೂ ಅದೇ ಹೆಸರು. ಊರಿನ ಜನ ಕಟ್ಟೆಯ ಮೇಲೆ ಕೂತು, “ಈ ಸಲ ಮ್ಯಾನೇಜರು ರೊಪ್ಪದಾಗಿಂದ ಯಾರ್ನ ಬಿಡ್ತಾರಪ್ಪ?” ಎಂದು ಚರ್ಚೆ ಮಾಡುತ್ತಿದ್ದರು. ಅದು ಮಳೆ ಬೆಳೆಯ ಮಾತಿಗಿಂತ ದೊಡ್ಡ ಚರ್ಚೆ!

ಯಾರಿಗೂ ಗೊತ್ತಿಲ್ಲದ ಸಂಗತಿ ಇನ್ನೊಂದಿತ್ತು. ಮ್ಯಾಚು ಇದ್ದ ದಿನ ನಾನು ಬುತ್ತಿ ಹಿಡಿದು ಹೋಗಿ ಮೈದಾನದ ಆಚೆ ಬೇವಿನ ಮರದ ಕೆಳಗೆ ಕೂರುತ್ತಿದ್ದೆ. ಮಜ್ಜಿಗೆ ಕುಡಿಯುವ ನೆಪದಲ್ಲಿ ಅವರು ಬರುತ್ತಿದ್ದರು. ಲೋಟವನ್ನು ಬಾಯಿಗೆ ಅಡ್ಡ ಹಿಡಿದು, “ಯಾರಿಗೆ ಕೊಡಾಣ?” ಎಂದು ಮೆಲ್ಲಗೆ ಕೇಳುತ್ತಿದ್ದರು. ನಾನು ಒಂದು ಹೆಸರು ಹೇಳುತ್ತಿದ್ದೆ. “ಥೂ, ಬ್ಯಾಡ” ಎಂದು ಲೋಟ ಕೊಟ್ಟು ಎದ್ದು ಹೋಗಿ ಬೇರೊಬ್ಬನಿಗೆ ಚೆಂಡು ಕೊಡಿಸುತ್ತಿದ್ದರು. ಮದುವೆಯಾದಾಗಿನಿಂದ ಒಂದೇ ಒಂದು ಸಲವೂ ನನ್ನ ಮಾತಿನಂತೆ ನಡೆದವರಲ್ಲ. ಆದರೆ ಒಂದೇ ಒಂದು ಸಲವೂ ಕೇಳದೆ ಬಿಟ್ಟವರೂ ಅಲ್ಲ.

ಅವರು ಹೋದ ಮೇಲೆ ನಾನು ಮೈದಾನದ ಕಡೆ ತಲೆ ಹಾಕಲಿಲ್ಲ. ನನ್ನ ಮೈದುನ ತಿಪ್ಪೇಸ್ವಾಮಿ ಮ್ಯಾನೇಜರಾದ. ನನ್ನನ್ನು ಯಾರು ಕೇಳುತ್ತಾರೆ? ಗಂಡಸರ ಎದುರು ಬಾಯಿ ತೆರೆದವಳಲ್ಲ ನಾನು. ನನ್ನ ದನಿ ಹೇಗಿದೆ ಎಂದು ಅರ್ಧ ಊರಿಗೆ ಗೊತ್ತೇ ಇರಲಿಲ್ಲ. ಮುಂದಿನ ಅನಾಹುತಕ್ಕೆ ಇದೂ ಒಂದು ಕಾರಣ.

ಹೋದ ವರ್ಷ ಹೊಸದುರ್ಗದ ಟೂರ್ನಮೆಂಟಿನಲ್ಲಿ ನಮ್ಮವರು ಸೆಮಿಫೈನಲ್‌ಗೆ ಬಂದರು. ನಡೆಸುವವರು ಕ್ಯಾಲೆಂಡರ್ ನೋಡಿದ್ದರೋ ಇಲ್ಲವೋ, ಸೆಮಿಫೈನಲ್ ಸರಿಯಾಗಿ ಹಿರಿಯರ ಅಮಾವಾಸ್ಯೆಯ ದಿನವೇ ಬಂತು. ಆಡುವ ಹುಡುಗರು ಬೆಳಿಗ್ಗೆಯೇ ತಮ್ಮ ಮನೆಗಳ ಎಡೆ ಮುಗಿಸಿ ಹೋದರು. ನಮ್ಮ ಮನೆಯಲ್ಲಿ ಎಡೆ ಸಂಜೆಗೆ. ಅಣ್ಣನ ಎಡೆ ಬಿಟ್ಟು ಮ್ಯಾಚಿಗೆ ಹೋದರೆ ಜನ ಏನೆಂದಾರು? ಹೋಗದಿದ್ದರೆ ಸೆಮಿಫೈನಲ್ ಏನಾದೀತು? ತಿಪ್ಪೇಸ್ವಾಮಿ ಎರಡಕ್ಕೂ ಒಂದು ದಾರಿ ಕಂಡುಹಿಡಿದ. ಜಗಲಿಯ ಮೇಲೆ ಒಂದು ಫೋನಿನಲ್ಲಿ ಮ್ಯಾಚು ಲೈವ್ ಹಾಕಿಕೊಂಡು, ಇನ್ನೊಂದು ಫೋನಿನಲ್ಲಿ ಕ್ಯಾಪ್ಟನ್‌ಗೆ ಹೇಳಿಕೊಡುತ್ತ ಕುಳಿತ. ಸುದ್ದಿ ತಿಳಿದು ಅರ್ಧ ಊರು ನಮ್ಮ ಜಗಲಿಗೆ ಬಂತು.

ನಾನು ಒಳಗೆ ಎಡೆ ಸಿದ್ಧ ಮಾಡಿದೆ. ಬಾಳೆ ಎಲೆಯ ಮೇಲೆ ಮುದ್ದೆ, ಮಟನ್ ಸಾರು, ವಡೆ, ಕಜ್ಜಾಯ. ಪಕ್ಕಕ್ಕೆ ಹೊಸ ಪಂಚೆ, ಬೀಡಿ ಕಟ್ಟು. ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಇಡಬೇಕು ತಾನೆ? ಅವರಿಗೆ ಎಲ್ಲಕ್ಕಿಂತ ಇಷ್ಟವಾದದ್ದು ಜಗಲಿಯಲ್ಲಿ ನಡೆಯುತ್ತಿತ್ತು. ಅವರದೇ ಹಳೆಯ ಫೋನಿನಲ್ಲಿ ಮ್ಯಾಚು ಹಾಕಿ, ಅವರ ಫೋಟೋದ ಮುಂದೆ ಚೊಂಬಿಗೆ ಒರಗಿಸಿ ಇಟ್ಟೆ.

“ಇದೇನಕ್ಕ, ಎಡೆಗೆ ಫೋನಾ?” ಎಂದಳು ಓರಗಿತ್ತಿ ಕೆಂಚಮ್ಮ.

“ಇರ್ಲಿ ಬಿಡೇ. ಊಟ ಮಾಡ್ತಾ ನೋಡ್ತಾರೆ.”

“ಬಾವಂಗೆ ಉಪ್ಪಿನಕಾಯಿ ಬದ್ಲು ಸ್ಕೋರಾ!” ಎಂದು ಅವಳು ನಕ್ಕಳು.

ಎಡೆ ಇಟ್ಟು ದೀಪ ಹಚ್ಚಿ ಧೂಪ ಹಾಕಿದ ಮೇಲೆ ಎಲ್ಲರೂ ಕೋಣೆಯಿಂದ ಹೊರಗೆ ಹೋಗಿ ಬಾಗಿಲು ಹಾಕಬೇಕು. ಹಿರಿಯರು ಬಂದು ಉಣ್ಣುವ ಹೊತ್ತು ಅದು. ಒಳಗೆ ಒಂದು ನರಪಿಳ್ಳೆಯೂ ಇರಕೂಡದು. ಇದು ನನಗೆ ಗೊತ್ತಿಲ್ಲದ್ದಲ್ಲ. ಊರಿಗೆಲ್ಲ ಹೇಳಿಕೊಟ್ಟವಳೇ ನಾನು!

ಆದರೆ ಎಲ್ಲರೂ ಹೊರಗೆ ಹೋಗುತ್ತಿದ್ದಾಗ ಫೋನಿನಲ್ಲಿ ಮ್ಯಾಚು ಕೊನೆಯ ಓವರುಗಳಿಗೆ ಬಂದಿತ್ತು. ಫೋಟೋದಲ್ಲಿ ಅವರು, ಮುಂದೆ ಮ್ಯಾಚು. ನನ್ನ ಜಾಗ ಅಲ್ಲೇ ಪಕ್ಕದಲ್ಲಿ ಖಾಲಿ ಇತ್ತು. ಕಾಲು ಏಳಲಿಲ್ಲ. ಹಬ್ಬಕ್ಕೆ ತೊಳೆದಿಟ್ಟ ರಾಗಿಯ ಡ್ರಮ್ಮು ಮೂಲೆಯಲ್ಲಿ ಅಡ್ಡ ಮಲಗಿತ್ತು. ಅದರ ಬಾಯಿಯ ಹತ್ತಿರ, ಗೋಡೆಯ ಸಂದಿಯಲ್ಲಿ ನುಸುಳಿ ಕುಳಿತೆ. ನಾನು ಅಡುಗೆ ಮನೆಯಲ್ಲಿದ್ದೇನೆ ಎಂದುಕೊಂಡು ತಿಪ್ಪೇಸ್ವಾಮಿ ಬಾಗಿಲು ಎಳೆದ. ಪಿತೃಗಳ ಊಟದ ಪಂಕ್ತಿಗೆ ಕರೆಯದೆ ಬಂದ ಏಕೈಕ ಅತಿಥಿ ನಾನಾದೆ.

ಸ್ವಲ್ಪ ಹೊತ್ತು ಎಷ್ಟು ಚೆನ್ನಾಗಿತ್ತು ಗೊತ್ತೇ! ಧೂಪದ ವಾಸನೆ, ದೀಪದ ಬೆಳಕು, ಮ್ಯಾಚಿನ ಸದ್ದು, ನಾವಿಬ್ಬರೇ. ಆಮೇಲೆ ಕೋಣೆಯೊಳಗೆ ನೆಟ್ ಹೋಯಿತು. ಫೋನಿನಲ್ಲಿ ಚಕ್ರ ತಿರುಗತೊಡಗಿತು.

ಈಗ ಜಗಲಿಯ ಗಲಾಟೆಯೊಂದೇ ಕೇಳಿಸುತ್ತಿತ್ತು. ಕೊನೆಯ ಓವರು. ಹೊಳಲ್ಕೆರೆ ಕಡೆಯ ಟೀಮಿಗೆ ಗೆಲ್ಲಲು ಹನ್ನೆರಡು ರನ್ ಬೇಕು. ನಮ್ಮ ರೊಪ್ಪದಲ್ಲಿ ಉಳಿದವರು ಇಬ್ಬರು. ಒಬ್ಬ ರಂಗ. ಟೆಂಪೋ ಓಡಿಸುವವನು. ನಿಮ್ಮ ತಾತನೇ ಚೆಂಡು ಹಿಡಿಯುವುದನ್ನು ಕಲಿಸಿ ಕೊನೆಯ ಓವರಿಗೆಂದೇ ಬೆಳೆಸಿದ್ದರು. ಇನ್ನೊಬ್ಬ ಮಂಜ. ಜೋರಾಗಿ ಎಸೆಯುತ್ತಾನೆ. ಎತ್ತ ಹೋಗುತ್ತದೆ ಎಂದು ಅವನಿಗೂ ಗೊತ್ತಿರುವುದಿಲ್ಲ.

“ರಂಗಂಗೇ ಕೊಡ್ಬೇಕು!” ಎಂದು ತಿಪ್ಪೇಸ್ವಾಮಿಯ ದನಿ.

“ಆಗ್ಲೇ ಅವ್ನಿಗೆ ಫೋರ್ ಹೊಡ್ದವ್ರೆ ಕಣೋ, ಮಂಜಂಗೆ ಕೊಡು!” ಇದು ಓಬಣ್ಣ. ಕಟ್ಟೆಯ ಹಿರಿಯ ಚರ್ಚಾಪಟು.

“ಮಂಜ ವೈಡ್ ಹಾಕಿದ್ರೆ ನೀನ್ ಹೋಗಿ ಹಿಡೀತೀಯೇನಣ್ಣ?”

“ನಿಂಗೆ ಮ್ಯಾನೇಜರ್‌ಗಿರಿ ಯಾವನ್ಲಾ ಕೊಟ್ಟೋನು? ನಿಮ್ಮಣ್ಣ ಇರ್ಬೇಕಿತ್ತು!”

“ಹೂನಪ್ಪ, ಇರ್ಬೇಕಿತ್ತು” ಎಂದ ತಿಪ್ಪೇಸ್ವಾಮಿ. ಎಲ್ಲರೂ ಒಂದು ಗಳಿಗೆ ಸುಮ್ಮನಾದರು.

ಆ ಮೌನದಲ್ಲಿ ನನಗೆ ಏನಾಯಿತೋ ಕಾಣೆ. ಫೋಟೋ ನೋಡಿದೆ. ಮಜ್ಜಿಗೆ ಲೋಟ ಅಡ್ಡ ಹಿಡಿದು ಅವರು ಕೇಳಿದ ಹಾಗೇ ಆಯಿತು. ದುಃಖ ಬಂದು ಬಾಯಿಗೆ ತುರುಕಿಕೊಂಡಿದ್ದ ಸೆರಗಿನ ಸಮೇತ ಹೇಳಿಬಿಟ್ಟೆ:

“ರಂಗಂಗೆ ಬ್ಯಾಡ! ಮಂಜಂಗೆ ಕೊಡು!”

ನಾನು ಹೇಳಿದ್ದು ಅವರೊಬ್ಬರಿಗೆ. ಆದರೆ ನನ್ನ ಬಾಯಿ ಇದ್ದದ್ದು ಖಾಲಿ ಡ್ರಮ್ಮಿನ ಬಾಯಿಗೆ ಎದುರಾಗಿ! ಒಳಗೆ ಹೋದದ್ದು ಅಂಜುಬುರುಕ ಮುದುಕಿಯ ದನಿ. ಹೊರಗೆ ಬಂದದ್ದು ಯಮಲೋಕದ ಆದೇಶ.

ಜಗಲಿಯಲ್ಲಿ ಯಾರದೋ ಟೀ ಲೋಟ ಕೆಳಗೆ ಬಿತ್ತು.

“ಕೇಳಿದ್ರಾ?” ಎಂದ ಓಬಣ್ಣ.

“ಅಯ್ಯೋ ಬಾವ ಬಂದವ್ರೆ!” ಎಂದು ಕೆಂಚಮ್ಮ ಚೀರಿದಳು.

ತಿಪ್ಪೇಸ್ವಾಮಿ ಫೋನಿನಲ್ಲಿ ಕೂಗಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. “ಲೇ ಕ್ಯಾಪ್ಟನ್, ರಂಗಂಗೆ ಬ್ಯಾಡ! ಮಂಜಂಗೆ ಕೊಡು! ಅಣ್ಣ ಹೇಳ್ತಾವ್ನೆ!... ಯಾವಣ್ಣ ಅಂದ್ರೆ? ನಮ್ಮಣ್ಣ ಕಣೋ! ಎಡೆಗೆ ಬಂದವ್ನೆ!”

ಬಾಗಿಲು ತೆರೆಯಿತು. ಅಷ್ಟೂ ಜನ ಒಳಗೆ ನುಗ್ಗಿ ಫೋಟೋದ ಮುಂದೆ ಉದ್ದಕ್ಕೆ ಅಡ್ಡಬಿದ್ದರು. ನನಗೆ ಬೇರೆ ದಾರಿ ಇರಲಿಲ್ಲ. ಡ್ರಮ್ಮಿನ ಸಂದಿಯಿಂದ ತೆವಳಿ ಬಂದು ಅವರ ನಡುವೆ ನಾನೂ ಅಡ್ಡಬಿದ್ದೆ. ಅವರು ಎದ್ದಾಗ ಎದ್ದೆ. ನಾನು ಯಾವ ಕಡೆಯಿಂದ ಬಂದೆನೆಂದು ಯಾರೂ ಗಮನಿಸಲಿಲ್ಲ. ಭಕ್ತಿಯಲ್ಲಿ ಇದೊಂದು ಅನುಕೂಲ.

“ಮ್ಯಾನೇಜರ್ ಅಂದ್ರೆ ಮ್ಯಾನೇಜರ್! ಸತ್ರೂ ಟೀಮು ಬಿಡ್ಲಿಲ್ಲ” ಎಂದು ಓಬಣ್ಣ ಕಣ್ಣು ಒರೆಸಿಕೊಂಡ. ಸತ್ಯವಾಗಿ ಹೇಳುತ್ತೇನೆ, ನನಗೆ ಹೆಮ್ಮೆಯಾಯಿತು. ನಿಜ ಹೇಳುವ ಮನಸ್ಸೇ ಬರಲಿಲ್ಲ. ಎಲ್ಲರ ಜೊತೆ ಹೊರಗೆ ಬಂದು ಫೋನಿನಲ್ಲಿ ಇಣುಕಿದೆ.

ಮಂಜ ಓಡಿ ಬಂದ. ಮೊದಲನೇ ಚೆಂಡು ವೈಡ್. ಮತ್ತೆ ಓಡಿ ಬಂದ. ಸಿಕ್ಸ್! ಮತ್ತೆ ಓಡಿ ಬಂದ. ಚೆಂಡು ಪಕ್ಕದ ಹೊಲಕ್ಕೆ ಹೋಯಿತು. ಹೋದದ್ದು ಹೋಯಿತು. ಹೊಳಲ್ಕೆರೆಯವರು ಬ್ಯಾಟು ಎಸೆದು ಕುಣಿಯತೊಡಗಿದರು.

ನಮ್ಮ ಜಗಲಿಯಲ್ಲಿ ಹಬ್ಬದ ಊಟಕ್ಕೆ ಎಲೆ ಹಾಕಿದೆ. ಯಾರೂ ತಲೆ ಎತ್ತದೆ ಉಂಡರು. ನಾನಂತೂ ಯಾರ ಮುಖವನ್ನೂ ನೋಡದೆ ಬಡಿಸಿದೆ. ಒಬ್ಬರ ಮುದ್ದೆಗೆ ಪಾಯಸ ಹಾಕಿದೆನಂತೆ.

ಮರುದಿನದಿಂದ ಕಟ್ಟೆಯ ಮೇಲೆ ಚರ್ಚೆ ಶುರುವಾಯಿತು. ನೀರಿಗೆ ಹೋದರೂ ಅದೇ ಮಾತು, ಅಂಗಡಿಗೆ ಹೋದರೂ ಅದೇ ಮಾತು.

“ಸತ್ತೋರಿಗೆ ಈಗಿನ ಬ್ಯಾಟ್ಸ್‌ಮನ್‌ಗಳು ಏನ್ ಗೊತ್ತಣ್ಣ? ಪ್ರಾಕ್ಟೀಸ್ ತಪ್ಪೈತೆ.”

“ಇದ್ದಾಗ ಗೆಲ್ಸಿದ್ದೆಲ್ಲ ಅದೃಷ್ಟ ಅನ್ನು. ಈಗ ಬಣ್ಣ ಗೊತ್ತಾತು.”

“ಹೋಗ್ಲಿ ಬಿಡಪ್ಪ, ಅಷ್ಟು ದೂರದಿಂದ ಸರಿಯಾಗಿ ಕಾಣ್ಸಲ್ಲ.”

ಪ್ರತಿ ಮಾತೂ ನನಗೆ ಮುಳ್ಳು ಚುಚ್ಚಿದ ಹಾಗೆ ಆಗುತ್ತಿತ್ತು. ಆದರೂ ಬಾಯಿ ಬರಲಿಲ್ಲ. ಎಡೆಯ ಕೋಣೆಯಲ್ಲಿ ಬಚ್ಚಿಟ್ಟುಕೊಂಡಿದ್ದೆ ಎಂದು ಯಾವ ಬಾಯಲ್ಲಿ ಹೇಳಲಿ? ನಾಲ್ಕು ದಿನ ಹೋದರೆ ಮರೆಯುತ್ತಾರೆ ಎಂದುಕೊಂಡೆ.

ಆಮೇಲೆ ರಂಗ ಬಂದ. ಟೆಂಪೋವನ್ನು ರಸ್ತೆಯಲ್ಲೇ ನಿಲ್ಲಿಸಿ, ಚಪ್ಪಲಿ ಬಿಟ್ಟು ಬಾಗಿಲ ಹತ್ತಿರ ನಿಂತ. ಕೈಯಲ್ಲಿ ಟೀಮಿನ ಟೀ ಶರ್ಟು ಮಡಿಸಿ ಹಿಡಿದಿದ್ದ.

“ದೊಡ್ಡಮ್ಮ, ಇದು ತಗಾ. ಇನ್ನು ನಾನು ಆಡಲ್ಲ.”

“ಯಾಕಪ್ಪ?”

“ಸೋತಿದ್ದು ಹೋಗ್ಲಿ ದೊಡ್ಡಮ್ಮ. ದೊಡ್ಡಪ್ಪ ನಂಗೆ ಚೆಂಡು ಹಿಡಿಯೋದ್ ಕಲಿಸ್ದ. ನೀನೇ ಕೊನೇ ಓವರ್ ಅಂತಿದ್ದ. ಸತ್ತ ಮ್ಯಾಲೆ ಅಷ್ಟು ದೂರದಿಂದ ಬಂದು ರಂಗಂಗೆ ಬ್ಯಾಡ ಅಂದ್ನಲ್ಲ! ಒಳಗೆ ನನ್ ಮ್ಯಾಲೆ ನಂಬ್ಕೇನೇ ಇರ್ಲಿಲ್ಲ ಅಂತ ಆತು.” ಇಷ್ಟು ಹೇಳಿ ಆ ಗಂಡಾಳು ಗೋಡೆಯ ಕಡೆ ತಿರುಗಿ ನಿಂತ.

ಇನ್ನು ಸುಮ್ಮನಿರಲು ನನ್ನಿಂದ ಆಗಲಿಲ್ಲ.

“ನಡಿ ಕಟ್ಟೆಗೆ” ಎಂದೆ.

ಹುಟ್ಟಿದ್ದು ಬೇರೆ ಊರಾದರೂ ಮದುವೆಯಾಗಿ ಬಂದ ಮೇಲೆ ನಾನು ಆ ಕಟ್ಟೆಯ ಮುಂದೆ ತಲೆ ತಗ್ಗಿಸಿ ಹಾದುಹೋದವಳೇ ಹೊರತು ನಿಂತವಳಲ್ಲ. ಅವತ್ತು ನಿಂತೆ. ಓಬಣ್ಣ ಗಾಬರಿಯಾಗಿ ಎದ್ದು ಕೂರಲು ಜಾಗ ಬಿಟ್ಟ. ಮಂಜ ಬೀಡಿ ಬಚ್ಚಿಟ್ಟ.

“ಅವತ್ತು ಒಳಗೆ ಮಾತಾಡಿದ್ದು ನಿಮ್ಮ ಮ್ಯಾನೇಜರಲ್ಲ, ನಾನು” ಎಂದೆ.

ಯಾರೂ ನಂಬಲಿಲ್ಲ! “ಅತ್ತಿಗೆ, ಅಣ್ಣನ ಮರ್ಯಾದೆ ಉಳಿಸಾಕೆ ಹಿಂಗೆಲ್ಲ ಹೇಳ್ಬ್ಯಾಡ” ಎಂದ ತಿಪ್ಪೇಸ್ವಾಮಿ. “ಆ ದನಿ ನಾವು ಕೇಳೀವಿ. ಗಂಡು ದನಿ ಅದು.”

ಕೊನೆಗೆ ಸಾಕ್ಷಿ ಒದಗಿಸಬೇಕಾಯಿತು. ಇಬ್ಬರು ಹೋಗಿ ನಮ್ಮ ಮನೆಯ ಡ್ರಮ್ಮು ಹೊತ್ತು ತಂದು ಕಟ್ಟೆಯ ಮುಂದೆ ಮಲಗಿಸಿದರು. ನಾನು ಸೆರಗು ಬಾಯಿಗೆ ಇಟ್ಟುಕೊಂಡು, ಹಾಡಹಗಲಲ್ಲಿ, ಇಡೀ ಊರಿನ ಸಮ್ಮುಖದಲ್ಲಿ ನೆಲಕ್ಕೆ ಕುಕ್ಕರಿಸಿ ಡ್ರಮ್ಮಿನೊಳಗೆ ಕೂಗಿದೆ: “ರಂಗಂಗೆ ಬ್ಯಾಡ! ಮಂಜಂಗೆ ಕೊಡು!”

ಮರದ ಮೇಲಿದ್ದ ಕಾಗೆಗಳೆಲ್ಲ ಹಾರಿಹೋದವು.

ಮೊದಲು ನಕ್ಕವನು ರಂಗ. ಕಟ್ಟೆ ಹಿಡಿದುಕೊಂಡು ಕೂತು ನಕ್ಕ. ಆಮೇಲೆ ಎಲ್ಲರೂ ನಕ್ಕರು.

“ಹಂಗಾದ್ರೆ ಮ್ಯಾನೇಜರ್ ತಪ್ಪಿಲ್ಲ” ಎಂದು ಓಬಣ್ಣ ತೀರ್ಪು ಕೊಟ್ಟ. “ಅಲ್ಲ ತಂಗಿ, ಮಂಜನ ಹೆಸರು ಹೆಂಗೆ ಬಾಯಿಗೆ ಬಂತು? ಅವ್ನ ಬೌಲಿಂಗು ನೀನು ನೋಡಿದ್ದೀಯಾ?”

“ನೋಡೀನಣ್ಣ. ಅವ್ರು ಬ್ಯಾಡ ಅಂತಾರೆ ಅಂತ ಗೊತ್ತಿತ್ತು. ಬ್ಯಾಡ ಅನ್ಲಿ ಅಂತ್ಲೇ ಹೇಳ್ದೆ. ಅನ್ಲಿಲ್ಲ.”

ಕಟ್ಟೆಯ ಮೇಲಿದ್ದವರು ಯಾರೂ ನನ್ನ ಮುಖ ನೋಡಲಿಲ್ಲ. ಡ್ರಮ್ಮನ್ನು ನೋಡುತ್ತ ಕುಳಿತರು. ಮಂಜನೊಬ್ಬ ಮಾತ್ರ, “ಅಂದ್ರೆ ದೊಡ್ಡಮ್ಮ, ದೊಡ್ಡಪ್ಪಂಗೆ ನನ್ ಮ್ಯಾಲೆ ನಂಬ್ಕೆ ಇರ್ಲಿಲ್ವಾ?” ಎಂದು ಕೇಳಿದ. ಒಬ್ಬನನ್ನು ಸಮಾಧಾನ ಮಾಡಲು ಹೋಗಿ ಇನ್ನೊಬ್ಬನನ್ನು ಅಳಿಸಿದೆ!

ಮುಂದಿನ ಭಾನುವಾರ ಮೂರನೇ ಸ್ಥಾನದ ಮ್ಯಾಚಿತ್ತು. ರಂಗನೇ ಟೆಂಪೋ ತಂದು ನನ್ನನ್ನು ಹೊಸದುರ್ಗಕ್ಕೆ ಕರೆದುಕೊಂಡು ಹೋದ. ಗಂಡಸರ ಸಾಲಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂರಿಸಿದರು. ಕೊನೆಯ ಓವರಿನ ಹೊತ್ತಿಗೆ ತಿಪ್ಪೇಸ್ವಾಮಿ ನನ್ನ ಕಡೆ ತಿರುಗಿದ.

“ಅತ್ತಿಗೆ, ಯಾರಿಗೆ ಕೊಡಾಣ?”

ನಾಚಿಕೆಯಾದರೂ ಚೆನ್ನಾಗಿ ಯೋಚಿಸಿ, ಎಲ್ಲ ಲೆಕ್ಕ ಹಾಕಿ, ಮಂಜನ ಸಮಾಧಾನಕ್ಕೂ ಆಗಲಿ ಎಂದು, “ಮಂಜಂಗೆ” ಎಂದೆ.

“ಥೂ, ಬ್ಯಾಡ!” ಎಂದು ಓಬಣ್ಣ, ತಿಪ್ಪೇಸ್ವಾಮಿ, ಹತ್ತಿರದ ಬೌಂಡರಿಯಲ್ಲಿ ನಿಂತಿದ್ದ ರಂಗ ಎಲ್ಲರೂ ಒಟ್ಟಿಗೆ ಕೂಗಿದರು. ಅಲ್ಲೇ ಫೀಲ್ಡಿಂಗ್ ಮಾಡುತ್ತಿದ್ದ ಮಂಜನೂ ಕೂಗಿದ! ರಂಗ ಹೋಗಿ ಚೆಂಡು ತೆಗೆದುಕೊಂಡ.

ನನಗೆ ಕಣ್ಣು ತುಂಬಿ ಮೈದಾನವೇ ಕಾಣದಾಯಿತು. ಆ ಓವರಿನಲ್ಲಿ ಏನು ನಡೆಯಿತೋ ನಾನು ನೋಡಲೇ ಇಲ್ಲ. ಗೆದ್ದರಂತೆ. ನನಗೆ ಕೇಳಿಸಿದ್ದು ಮೈಕಿನಲ್ಲಿ ಕಾಮೆಂಟರಿ ಹೇಳುವವನ ಮಾತು ಒಂದೇ, ಅದೂ ಇಡೀ ಮೈದಾನಕ್ಕೆ ಕೇಳುವ ಹಾಗೆ:

“ಕುರ್ಚಿ ಮೇಲೆ ಕುಂತಿರೋ ಅಜ್ಜಿ ಬೌಲರ್ ಬದಲಾಯಿಸಿದ್ದಕ್ಕೆ ಅಳ್ತಾ ಅವ್ರೆ! ಎದುರು ಟೀಮ್ ಕಡೇರ್ ಇರ್ಬೇಕು! ಯಾರಾದ್ರೂ ಸ್ವಲ್ಪ ನೀರು ಕೊಡ್ರಪ್ಪ!”

ಯಾರೋ ನೀರು ತಂದುಕೊಟ್ಟರು. ಕುಡಿದೆ.