ಗಂಟಿನೊಳಗಿನ ಖಣ

ಸೀರೆ ಅಂಗಡಿಯಲ್ಲಿ ಕೂತವನಿಗೆ ಪೇಚಾಟಗಳು ತಪ್ಪುವುದಿಲ್ಲ. ಶಿವನಿಗೆ ನಗಬೇಕೆನಿಸಿದಾಗಲೆಲ್ಲ ಅವನು ಬನಹಟ್ಟಿ ಪೇಟೆಯ ನಮ್ಮ ಅಂಗಡಿಗೇ ಬರುತ್ತಿದ್ದನೆಂದು ನನ್ನ ನಂಬಿಕೆ.

ಆಗಿನ್ನೂ ನಮ್ಮದು ಮುಂಬಯಿ ಸರಕಾರ. ಎದುರಿಗೆ ಹೊಸ ಅಂಗಡಿಯೊಂದು ತೆರೆದು ಗಿರಾಕಿಗಳು ಅತ್ತ ವಾಲತೊಡಗಿದ್ದರು. ಮುಂಬಯಿಗೆ ಹೋಗಿ ಬಂದ ನಮ್ಮ ಸಾಹುಕಾರರು ನನ್ನನ್ನು ಕರೆದು ಹೇಳಿದರು: "ಇನ್ನ ಮ್ಯಾಲೆ ಸೀರಿ ಗಂಟಿನ್ಯಾಗ ಒಂದು ಕುಬಸದ ಖಣ ಇಡು. ಬಾಯಿ ಬಿಡಬ್ಯಾಡ. ಮನ್ಯಾಗ ಗಂಟು ಬಿಚ್ಚಿದವರು ಖುಷೀಲೆ ಹೌಹಾರಬೇಕು! ಮುಂಬಯ್ಯಾಗ ಹಂಗ ಗಿರಾಕಿ ಹಿಡೀತಾರ. ಇಷ್ಟರ ಮ್ಯಾಲೂ ಒಬ್ಬ ಗಿರಾಕಿ ತಪ್ಪಿದ್ರ ನಿನ್ನ ಕೆಲಸ ಹೋತು."

ನಾನು ಹಣೆಯ ವಿಭೂತಿ ಮುಟ್ಟಿಕೊಂಡೆ. ಪುಕ್ಕಟೆ ರವಿಕೆ ಬಟ್ಟೆ! ಕೇಳದೆ ಕೊಟ್ಟರೆ ಜನ ನಂಬುವುದು ದೇವರನ್ನು, ಅಂಗಡಿಯವನನ್ನು ನಂಬಿಯಾರೇ?

ರಬಕವಿಯ ಆಯಿ

ಮರುದಿನ ಬಾಗಿಲು ತೆಗೆಯುವ ಮೊದಲೇ ಹಿಂದಿನ ದಿನ ಸೀರೆ ಒಯ್ದ ರಬಕವಿಯ ಮುದುಕಿಯೊಬ್ಬಳು ಖಣ ಹಿಡಿದುಕೊಂಡು ಕಟ್ಟೆಯ ಮೇಲೆ ಕೂತಿದ್ದಳು.

"ಯಪ್ಪಾ, ಇದನ್ನ ನಾ ಕದ್ದಿಲ್ಲೋ!"

"ಆಯೀ, ಅದು ನಾವ ಇಟ್ಟದ್ದು. ಬಿಟ್ಟಿ."

ಕೈಯಲ್ಲಿದ್ದ ಖಣ ಸೆರಗಿಗೆ ಸೇರಿತು. ಕಣ್ಣು ಸಣ್ಣದಾಯಿತು. "ಹಂಗಾರ ಸೀರಿ ಎಲ್ಲಿ ಹರದೈತಿ?"

ಪೇಟೆಯ ನಡುವೆ ಸೀರೆ ಬಿಡಿಸಿ, ಹೋಗುವ ಬರುವವರೆಲ್ಲರಿಂದ ತೂತು ಹುಡುಕಿಸಿದಳು. ಸಿಗಲಿಲ್ಲ. "ಅಂದ್ರ ಬಣ್ಣ ಹೋಗೂದ ಖರೆ" ಎಂದು ಮಡಚಿಕೊಂಡು ನಡೆದಳು.

ಜಮಖಂಡಿಯ ಮಾಸ್ತರರು

ಆ ವಾರವೇ ಜಮಖಂಡಿಯ ಮಾಸ್ತರರೊಬ್ಬರು ಬೆವರುತ್ತ ಬಂದರು. ಹೆಂಡತಿಗೆಂದು ಒಯ್ದ ಹಸಿರು ಸೀರೆಯ ಗಂಟಿನಲ್ಲಿ ಕೆಂಪು ಖಣ ಸಿಕ್ಕಿತ್ತು. "ಇದು ಯಾವಾಕಿಗೆ?" ಎಂದು ಆಕೆ ಒಲೆಯನ್ನೇ ಹಚ್ಚಿರಲಿಲ್ಲ.

"ನೀವ ಬಂದು ಹೇಳ್ರೆಪಾ, ನನ್ನ ಸಂಸಾರ ಉಳಸ್ರಿ."

ಹೋದೆ. ಅವರ ಮನೆಯ ದೇವರ ಜಗುಲಿಯ ಲಿಂಗದ ಮೇಲೆ ಕೈಯಿಟ್ಟು ಆಣೆ ಮಾಡಿದೆ. ಆಕೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಅಂಗಡಿಯವ್ರು ಬಿಟ್ಟಿ ಕೊಟ್ರಂತ! ಸುಳ್ಳು ಹೇಳಿದ್ರೂ ನಂಬೂವಂಥಾದ್ದು ಹೇಳ್ರಿ" ಅಂದಳು.

ಸಾಹುಕಾರರ ತಿದ್ದುಪಡಿ

"ಬರೇ ಖಣ ಇಟ್ರ ಮಂದಿ ಸಂಶೆ ಪಡ್ತಾರ. ಜೋಡಿ ಒಂದು ತೆಂಗಿನಕಾಯಿ, ಅರಿಷಿಣ ಬೇರು ಇಡು. ಮರ್ಯಾದಿ ಕಾಣ್ತದ" ಎಂದರು ಸಾಹುಕಾರರು. ಸಂತೆಯ ದಿನ ಎಲ್ಲ ಗಂಟಿಗೂ ಇಟ್ಟೆ. ಖಣ, ಕಾಯಿ, ಅರಿಷಿಣ ಒಟ್ಟಿಗೆ ಹೋದರೆ ಹೆಣ್ಣಿಗೆ ಉಡಿ ತುಂಬಿದಂತೆ; ಕನ್ಯೆಯಿರುವ ಮನೆಗೆ ಅದು ಸಂಬಂಧ ಕೇಳಿದ ಹಾಗೆ. ಸಾಹುಕಾರರ ಮನೆಯಲ್ಲಿ ಲಗ್ನದ ವಯಸ್ಸಿನ ಮಗನಿದ್ದ. ಇವೆರಡನ್ನೂ ಕೂಡಿಸಿ ನೋಡುವ ಬುದ್ಧಿಯನ್ನು ಶಿವ ಆ ದಿನ ನಮ್ಮಿಬ್ಬರಿಗೂ ಕೊಡಲಿಲ್ಲ.

ಮರುದಿನ ಮುಧೋಳ ಕಡೆಯ ಎತ್ತಿನ ಚಕ್ಕಡಿಯೊಂದು ಅಂಗಡಿಯ ಮುಂದೆ ನಿಂತಿತು. ಹಿಂದಿನ ದಿನ ಸೀರೆ ಒಯ್ದ ರೈತ, ರುಮಾಲು ಸುತ್ತಿದ ಹಿರಿಯರೊಂದಿಗೆ ಇಳಿದ. ಸಾಹುಕಾರರನ್ನು ತಬ್ಬಿಕೊಂಡು, "ಬೀಗರ, ಇಷ್ಟು ಸಂಕೋಚ ಯಾಕ್ರಿ? ಬಾಯಿಲೇ ಕೇಳಿದ್ರೂ ಮಗಳನ್ನ ಕೊಡ್ತಿದ್ದೆವು!" ಅಂದ.

"ಅದು... ಗಿರಾಕಿಗಳ ಖುಷಿಗೆ..." ಎಂದು ಸಾಹುಕಾರರು ತೊದಲಿದರು.

ಹಿರಿಯರೊಬ್ಬರ ಮೀಸೆ ಅದುರಿತು. "ಹೆಣ್ಣಿನ ಉಡಿಗೆ ಬಿದ್ದ ಖಣ ಹೊಳ್ಳಿ ಬೇಡತೀರೇನು?"

ನಾನು ಸೀರೆಗಳ ಹಿಂದೆ ಕೂತು ಶಿವನಾಮ ಜಪಿಸುತ್ತಿದ್ದೆ. ಸಾಹುಕಾರರು ಅಲ್ಲಿಗೇ ಬಂದು ಬಗ್ಗಿದರು. ಕೆಲಸ ಹೋಯಿತೆಂದು ಕಣ್ಣು ಮುಚ್ಚಿದೆ.

"ಇಂಥಾ ಗಂಟು ಇನ್ನೆಷ್ಟು ಹೋಗ್ಯಾವಲೇ?"

"ಸಂತಿ ಇತ್ತಲ್ರಿ, ಸಾವ್ಕಾರ್ರ..."

ಬೀದಿಯ ತಿರುವಿನಲ್ಲಿ ಇನ್ನೊಂದು ಚಕ್ಕಡಿಯ ಗೆಜ್ಜೆ ಕೇಳಿಸಿತು. ಅದರ ಹಿಂದೆ ಮತ್ತೊಂದು. ಸಾಹುಕಾರರು ಎರಡೂ ಕೈಯಿಂದ ನನ್ನ ಅಂಗಿ ಹಿಡಿದುಕೊಂಡರು.

"ಕೆಲಸಾ ಬಿಟ್ಟು ಹೋಗಿಗೀದಿ, ನೋಡು ಮತ್ತ!"