ಅಳತೆ ಇಲ್ಲದ ಅಂಗಿ

ಎಡವಟ್ಟಿಗೆಲ್ಲ ಕಾರಣ ಒಂದು ಅಂಗಿ. ಸರಿಯಾಗಿ ಕೂರದ ಅಂಗಿಯಿಂದ ದರ್ಜಿಗೆ ಬೈಗುಳ ಬರುವುದುಂಟು. ಅಚ್ಚುಕಟ್ಟಾಗಿ ಕೂತ ಅಂಗಿಯಿಂದ ಆಪತ್ತು ಬಂದದ್ದು ಅವನ ಇಪ್ಪತ್ತು ವರ್ಷದ ಕಸುಬಿನಲ್ಲಿ ಅದೇ ಮೊದಲು.

ಬೆಳಿಗ್ಗೆ ಒಂಬತ್ತಕ್ಕೆ ಪಕ್ಕದ ಸಲೂನಿನವನು, ಅರ್ಧ ಗಡ್ಡ ಹೆರೆದ ಗಿರಾಕಿಯನ್ನು ನೊರೆಯ ಸಮೇತ ಅಲ್ಲೇ ಬಿಟ್ಟು, ಕೈಯಲ್ಲಿ ಕತ್ತಿ ಹಿಡಿದುಕೊಂಡೇ ಬಂದ.

"ಏನಯ್ಯಾ, ಎದುರುಗಡೆ ಗಡಿಯಾರದವನು ಹೊಸ ಅಂಗಿ ಹಾಕ್ಕೊಂಡು ಕೂತಿದಾನೆ. ನೀನು ಹೊಲಿದಿದ್ದು ತಾನೆ?"

"ಹೂಂ ಅಣ್ಣ."

"ಬಗ್ಗಿ ಬಗ್ಗಿ ಕೆಲಸ ಮಾಡಿ ಅವನ ಎಡ ಹೆಗಲು ಒಂದು ಬೆರಳು ಇಳಿದಿದೆ. ಅಂಗಿಯ ಹೆಗಲೂ ಸರಿಯಾಗಿ ಒಂದೇ ಬೆರಳು ಇಳಿದಿದೆ. ಆದ್ರೆ ನಿನ್ನ ಅಳತೆ ಪುಸ್ತಕದಲ್ಲಿ ಅವನ ಹೆಸರೇ ಇಲ್ಲ!"

"ನನ್ನ ಪುಸ್ತಕ ನೀನ್ಯಾಕೆ ನೋಡಿದೆ?"

"ಹೋದ ವರ್ಷ ನನ್ನ ಸೊಂಟ ಎಷ್ಟಿತ್ತು ಅಂತ ನೋಡೋಕೆ. ಅದು ಬಿಡು. ನನಗೆ ಮೂರು ಮೂರು ಸಲ ಟೇಪು ಹಿಡೀತೀಯ. ಅವನಿಗೆ ಟೇಪೇ ಬೇಡ್ವಾ? ಅಷ್ಟು ಕರಾರುವಾಕ್ಕಾಗಿ ನಿನಗೆ ಹೇಗಪ್ಪಾ ಗೊತ್ತು?"

ಗೊತ್ತಿರುವುದಕ್ಕೆ ಎಂಟು ವರ್ಷದ ಹಿನ್ನೆಲೆಯಿತ್ತು. ದರ್ಜಿಯೂ ಗಡಿಯಾರ ರಿಪೇರಿಯವನೂ ಎಂಟು ವರ್ಷದಿಂದ ಒಬ್ಬರಿಗೊಬ್ಬರು ಮನಸ್ಸು ಕೊಟ್ಟವರು. ಊರ ಕಣ್ಣಿಗೆ ಮಾತ್ರ ಎದುರುಬದುರು ಅಂಗಡಿಯ ಸ್ನೇಹಿತರು. ಹಾಗೆಂದು ದರ್ಜಿ ನಂಬಿದ್ದ. "ನಿಮ್ಮಮ್ಮನಿಗೆ ಹೇಳಿಬಿಡು" ಎಂದು ಗಡಿಯಾರದವನು ಕೇಳಿ ಕೇಳಿ ಸೋತು, ಹೋದ ವಾರ "ಈ ತಿಂಗಳೊಳಗೆ ಹೇಳದಿದ್ರೆ ನಾನು ಅಂಗಡಿ ಎತ್ಕೊಂಡು ಬೇರೆ ಊರಿಗೆ ಹೋಗ್ತೀನಿ" ಎಂದುಬಿಟ್ಟಿದ್ದ.

"ಅವನ ಹಳೇ ಅಂಗಿ ಇಟ್ಟು ಕತ್ತರಿಸಿದೆ" ಎಂದಿದ್ದರೆ ಎಲ್ಲ ಮುಗಿಯುತ್ತಿತ್ತು. ಆದರೆ ಗಾಬರಿಯಾದವನ ತಲೆ ಸಿಕ್ಕುಬಿದ್ದ ದಾರದುಂಡೆ, ಎಳೆದಷ್ಟೂ ಗಂಟು.

"ಅಣ್ಣಾ, ನೀನಂದ್ಕೊಂಡ ಹಾಗೇನಿಲ್ಲ! ನನಗೆ ಹುಡುಗಿ ಇದಾಳೆ!"

"ನಾನೇನೂ ಅಂದ್ಕೊಳ್ಳಲೇ ಇಲ್ವಲ್ಲೋ. ಯಾರು ಹುಡುಗಿ?"

ದರ್ಜಿ ಬೀದಿಗೆ ಕಣ್ಣು ಹಾಯಿಸಿದ. ಮೂಲೆಯ ಔಷಧದಂಗಡಿಯಲ್ಲಿ ಗುಳಿಗೆ ಎಣಿಸುತ್ತಿದ್ದ ಒಡತಿ ಕಂಡಳು. "ಗುಳಿಗೆ ಅಕ್ಕ" ಎಂದ.

ಸಲೂನಿನವನ ಮುಖ ಇಳಿದುಹೋಯಿತು. ಕತ್ತಿ ಮಡಚಿಕೊಂಡು ಹೊರಟುಹೋದ. ದರ್ಜಿ ಟೇಪು ಕೊರಳಲ್ಲಿ ನೇತಾಡುತ್ತಿರುವಂತೆಯೇ ಔಷಧದಂಗಡಿಗೆ ಓಡಿದ.

"ಅಕ್ಕಾ, ಇವತ್ತೊಂದಿನ ನನ್ನನ್ನ ಪ್ರೀತಿಸ್ತೀರಾ?"

"ಊಟಕ್ಕೆ ಮುಂಚೇನೋ, ಆಮೇಲೋ?" ಎಂದಳು ಅವಳು, ತಲೆ ಎತ್ತದೆ. ಆಮೇಲೆ ಎತ್ತಿದಳು. "ಏನಂದೆ?"

"ನಾಟಕ ಅಕ್ಕಾ. ಸಂಜೆವರೆಗೆ. ಊರವರ ಬಾಯಿ ಮುಚ್ಚಿಸೋಕೆ."

ಅವಳಿಗೂ ಮದುವೆಯಾಗೆಂದು ಬೆನ್ನು ಬಿದ್ದ ಅಣ್ಣನೊಬ್ಬನಿದ್ದ. ಐದು ಕ್ಷಣ ಯೋಚಿಸಿ, "ಆಯ್ತು. ಮೊದಲು ಆ ಅಕ್ಕ ಅನ್ನೋದು ನಿಲ್ಲಿಸು" ಎಂದಳು.

ಇನ್ನು ಗಡಿಯಾರದವನಿಗೆ ಹೇಳುವ ಕೆಲಸ. ಅವನು ಒಂದು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು, ಹಲ್ಲು ಮುರಿದ ಚಕ್ರವನ್ನು ನೋಡುವಂತೆ ದರ್ಜಿಯನ್ನು ನೋಡಿದ.

"ನಿಜ ಹೇಳೋಕೆ ಎಂಟು ವರ್ಷ ಸಾಲಲಿಲ್ಲ. ಸುಳ್ಳಿಗೆ ಎಂಟು ನಿಮಿಷ ಸಾಕಾಯ್ತಾ?"

"ಸಂಜೆವರೆಗೆ ಅಷ್ಟೇ ಮಾರಾಯಾ. ಆಮೇಲೆ ನನಗೂ ಅಕ್ಕನಿಗೂ ಜಗಳ ಆಯ್ತು ಅಂದ್ಬಿಡ್ತೀವಿ."

ಅವನು ಚಿಮಟದಿಂದ ಸ್ಕ್ರೂ ಒಂದನ್ನು ಎತ್ತಿ, ಬೇಕೆಂದೇ ಬಹಳ ನಿಧಾನವಾಗಿ ಕೆಳಗಿಟ್ಟ.

ಮಧ್ಯಾಹ್ನದೊಳಗೆ ಸುದ್ದಿ ಬೀದಿಯ ಆ ತುದಿ ಮುಟ್ಟಿ ಹಿಂದಿರುಗಿತ್ತು. ಹರಿಯದ ಪ್ಯಾಂಟಿಗೆ ತೇಪೆ ಹಾಕಿಸಲು ಏಳು ಜನ ಬಂದರು. ನಾಟಕಕ್ಕೆ ಕಳೆ ಬರಲೆಂದು ದರ್ಜಿ ಔಷಧದಂಗಡಿಯ ಮೆಟ್ಟಿಲ ಮೇಲೆ ಅವಳ ಪಕ್ಕ ಕೂತು ಟೀ ಕುಡಿದ.

"ಇನ್ನೊಂಚೂರು ಹಾಕ್ಲಾ?" ಎಂದಳು ಅವಳು, ಬೀದಿಗೆಲ್ಲ ಕೇಳುವಷ್ಟು ಪ್ರೀತಿಯಿಂದ.

"ಸಾಕು ಅಕ್ಕಾ."

ಅವಳು ಅವನ ಕಾಲು ತುಳಿದ ರಭಸಕ್ಕೆ ಟೀ ಮೂಗಿಗೇರಿತು.

ಆಶ್ಚರ್ಯವೆಂದರೆ, ಒಬ್ಬರೂ "ಒಳ್ಳೆಯದಾಯ್ತಪ್ಪಾ" ಎನ್ನಲಿಲ್ಲ. ದರ್ಜಿಯನ್ನು ನೋಡುತ್ತಿದ್ದರು, ಗಡಿಯಾರದ ಅಂಗಡಿಯತ್ತ ನೋಡುತ್ತಿದ್ದರು, ಲೊಚಗುಟ್ಟಿ ಹೋಗುತ್ತಿದ್ದರು. ಯಾರೋ ಹೆಂಗಸು ಗಡಿಯಾರದವನಿಗೆ ಬಿಸಿ ಊಟದ ಡಬ್ಬಿ ಕೊಟ್ಟು ಬೆನ್ನು ಸವರಿದಳು. ಹೊಟ್ಟೆಕಿಚ್ಚಿನ ಜನ, ಎಂದುಕೊಂಡ ದರ್ಜಿ.

ನಾಲ್ಕು ಗಂಟೆಗೆ ಅಮ್ಮ ಬಂದಳು. ಕೈಯಲ್ಲಿ ಕೊಡೆ, ಹಿಂದೆ ಸಲೂನಿನವನು, ಅವನ ಹಿಂದೆ ಅರ್ಧ ಬೀದಿ. ಖುಷಿಯ ಕಣ್ಣೀರು ನಿರೀಕ್ಷಿಸಿದ್ದ ದರ್ಜಿಯ ಎದೆಗೆ ಕೊಡೆಯ ತುದಿ ಚುಚ್ಚಿತು.

"ಎಂಟು ವರ್ಷ ಆ ಹುಡುಗನ ಜೊತೆ ಇದ್ದು ಈಗ ಕೈಬಿಡ್ತೀಯಲ್ಲೋ, ನಾಚಿಕೆ ಆಗಲ್ವಾ?"

"ಅಮ್ಮಾ... ನಿನಗೆ ಗೊತ್ತಾ?"

"ಬೆಕ್ಕು ಕಣ್ಣು ಮುಚ್ಕೊಂಡು ಹಾಲು ಕುಡಿದ್ರೆ ಊರಿಗೆ ಕಾಣಲ್ವಾ? ಮೊದಲನೇ ವರ್ಷ ಅತ್ತೆ. ಎರಡನೇ ವರ್ಷ ಸುಮ್ಮನಾದೆ. ಆಮೇಲಿಂದ, ಇವತ್ತು ಹೇಳ್ತಾನೆ, ನಾಳೆ ಹೇಳ್ತಾನೆ ಅಂತ ಬಾಗಿಲು ನೋಡ್ತಾ ಕೂತಿದೀನಿ."

"ಬೆಳಿಗ್ಗೆ ಅಷ್ಟು ಕೆದಕಿದ್ದು ಯಾಕೆ ಅಂದ್ಕೊಂಡೆ?" ಎಂದ ಸಲೂನಿನವನು. "ಈಗಲಾದ್ರೂ ಬಾಯಿ ಬಿಡಲಿ ಅಂತ. ಬಿಟ್ಟೆ ನೋಡು, ಎಂಥಾ ಬಾಯಿ!"

ದರ್ಜಿಗೆ ಕುಣಿಯಬೇಕೆನಿಸಿತು. "ಅಮ್ಮಾ, ಇದು ಬರೀ ನಾಟಕ! ನಾನು ಅವನನ್ನ ಬಿಟ್ಟಿಲ್ಲ!"

"ಸಿಕ್ಕಿಬಿದ್ದ ಮೇಲೆ ಎಲ್ಲರೂ ಹಾಗೇ ಅನ್ನೋದು."

"ಅಕ್ಕಾ, ನೀವಾದ್ರೂ ಹೇಳಿ!"

ಗುಳಿಗೆ ಅಕ್ಕ ಕೊಡೆಯನ್ನು ನೋಡಿದಳು, ಗುಂಪನ್ನು ನೋಡಿದಳು. "ನನಗೇನು ಗೊತ್ತಮ್ಮಾ? ಬೆಳಿಗ್ಗೆ ಬಂದು ಪ್ರೀತಿಸ್ತೀರಾ ಅಂದ. ಹೀಗೊಬ್ಬರು ಇದಾರೆ ಅಂತ ಹೇಳಲೇ ಇಲ್ಲ." ಹೇಳಿದ ಒಂದೊಂದು ಮಾತೂ ನಿಜ.

ಉಳಿದವನು ಗಡಿಯಾರದವನು. ಅವನ ಮಾತಿಗೆ ಬೀದಿಯಲ್ಲಿ ಎದುರಿಲ್ಲ. ಕೆಟ್ಟ ವಾಚು ತಂದವರ ಮುಖಕ್ಕೇ "ಇದು ಸತ್ತಿದೆ, ಮನೆಗೆ ತಗೊಂಡ್ಹೋಗಿ" ಎನ್ನುವ ಮನುಷ್ಯ. ದರ್ಜಿ ಕೈ ಮುಗಿದ. "ಹೇಳೋ ಮಾರಾಯಾ. ನಾಟಕ ಅಂತ ನಿನಗೆ ಮೊದಲೇ ಹೇಳಿದ್ದೆ ತಾನೆ?"

ಗಡಿಯಾರದವನು ಮಸೂರ ತೆಗೆದ. ದಿನವಿಡೀ ಬಿಗಿದಿದ್ದ ಕಣ್ಣು ಕೆಂಪಗೆ ನೀರಾಡುತ್ತಿತ್ತು. ಅದನ್ನು ತೋಳಿನಿಂದ ಒರೆಸಿಕೊಂಡು ಮೆಲ್ಲಗೆ ಅಂದ: "ನಾಟಕನಾ? ನನಗ್ಯಾರೂ ಹೇಳಲಿಲ್ಲಮ್ಮಾ."

ಬೀದಿಯೇ ನಿಟ್ಟುಸಿರುಬಿಟ್ಟಿತು. ಅಮ್ಮ ಅವನ ಕೈ ಹಿಡಿದಳು. "ಏಳಪ್ಪಾ. ಇನ್ಮೇಲೆ ನಮ್ಮನೇನೇ ನಿನ್ನ ಮನೆ. ಇವನ ಕೋಣೆ ಖಾಲಿ ಮಾಡಿಸ್ತೀನಿ. ನೀನು ಕ್ಷಮಿಸೋವರೆಗೂ ಇವನು ಹೊಸ್ತಿಲು ತುಳಿಯೋ ಹಾಗಿಲ್ಲ."

ಪಕ್ಕದಲ್ಲಿ ಹಾದುಹೋಗುವಾಗ ಗಡಿಯಾರದವನು ದರ್ಜಿಯ ಕಿವಿಯ ಬಳಿ ಬಗ್ಗಿದ. "ನಿನ್ನ ನಾಟಕ ಸಂಜೆಗೆ ಮುಗೀತು. ನಂದು ಈಗ ಶುರು."

"ಎಷ್ಟು ದಿನ?"

"ನೋಡೋಣ. ಊಟ ಹೇಗಿರುತ್ತೆ ಅಂತ."

ಎಂಟು ವರ್ಷ ಅವನನ್ನು ಮನೆಗೆ ಕರೆದುಕೊಂಡು ಹೋಗುವ ಧೈರ್ಯ ದರ್ಜಿಗೆ ಬಂದಿರಲಿಲ್ಲ. ಈಗ ಅವನು ಹೋಗುತ್ತಿದ್ದ, ಅಮ್ಮನ ತೋಳು ಹಿಡಿದು, ಬೀದಿಯವರೆಲ್ಲರ ಹಾರೈಕೆಯೊಂದಿಗೆ. ದರ್ಜಿ ಒಬ್ಬನೇ ನಿಂತಿದ್ದ.

ಗುಂಪು ಕರಗಿದ ಮೇಲೆ ಸಲೂನಿನವನು ಹತ್ತಿರ ಬಂದ. "ಮಲಗೋಕೆ ಜಾಗ ಇಲ್ದಿದ್ರೆ ನನ್ನ ಅಂಗಡಿ ಬೆಂಚಿದೆ. ತಗೋ ಬೀಗದಕೈ. ಆದ್ರೆ ಒಂದು ಮಾತು ಕಣಯ್ಯಾ, ನನ್ನೆದುರಿಗೆ ಆ ಹುಡುಗನ ಬಗ್ಗೆ ಕೆಟ್ಟದಾಗಿ ಮಾತಾಡಬೇಡ."